ಎತ್ತರದ ತೋಟ, 78.5 ಅಂಕ: ಒಂದು ಸ್ಪೆಷಾಲಿಟಿ ಕಾಫಿ ಪ್ರಕರಣ

ಇದು ಬಾಬಾಬುಡನ್‌ಗಿರಿ ಸಾಲಿನಲ್ಲಿರುವ ಒಂದು ಕುಟುಂಬದ ತೋಟದ ಪ್ರಕರಣ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಗುರುತು ಹತ್ತುವಂಥ ಕೆಲವು ವಿವರ ಬದಲಿಸಿದ್ದೇನೆ, ಲೆಕ್ಕಗಳನ್ನು ಹತ್ತಿರದ ಅಂಕಿಗೆ ತಂದಿದ್ದೇನೆ. ಕಾಫಿ ಸಂಸ್ಕರಣೆ, ಕಪ್ಪಿಂಗ್ (ಕಾಫಿಯ ರುಚಿ ನೋಡಿ ಅಂಕ ಕೊಡುವುದು) ವಿಷಯದಲ್ಲಿ ಬೆಳೆಗಾರರಿಗೆ ಸಲಹೆ ಕೊಡುವುದು ನನ್ನ ಕೆಲಸ. ಕುಯ್ಲು ಹತ್ತಿರ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ನಮ್ಮ ತೋಟ ನಾಲ್ಕು ಸಾವಿರ ಅಡಿ ಮೇಲಿದೆ, ಸ್ಪೆಷಾಲಿಟಿ ಮಾಡಬಹುದಲ್ವಾ?" ಸ್ಪೆಷಾಲಿಟಿ ಅಂದರೆ ರುಚಿ ನೋಡಿ ಅಂಕ ಕೊಟ್ಟು ಮೇಲ್ದರ್ಜೆಯದು ಅಂತ ಗುರುತಿಸಿದ ಕಾಫಿ. ಮಾಡಬಹುದು. ಆದರೆ ಎತ್ತರ ನಮಗೆ ಕೊಡುವುದೆಷ್ಟು, ಕುಯ್ಲಿನಿಂದ ಕಣದವರೆಗೆ ನಾವು ಕಳೆದುಕೊಳ್ಳುವುದೆಷ್ಟು ಅನ್ನುವುದು ಈ ತೋಟದಲ್ಲಿ ತುಂಬಾ ಚೆನ್ನಾಗಿ ಕಂಡಿತು.

ತೋಟ ಮತ್ತು ಮನೆ

ಹದಿನೆಂಟು ಎಕರೆ ತೋಟ. ಕೆಳಗಿನ ಅಂಚು ಸುಮಾರು 1,200 ಮೀಟರ್, ಮೇಲಿನ ತುದಿ 1,400ಕ್ಕೆ ಹತ್ತಿರ. 1,930 ಮೀಟರ್‌ನ ಮುಳ್ಳಯ್ಯನಗಿರಿ ಇದೇ ಸಾಲಿನಲ್ಲಿದೆ ಅಂದರೆ ಜಾಗದ ಅಂದಾಜು ಸಿಗುತ್ತದೆ. ಹೆಚ್ಚಿನ ಗಿಡಗಳು ಹಳೆಯ ಎಸ್.795 ತಳಿ. ಒಂದು ಮೂಲೆಯಲ್ಲಿ ಸೆಲೆಕ್ಷನ್ 9, ಗಿಡ ಸತ್ತ ಜಾಗಗಳಲ್ಲಿ ಚಂದ್ರಗಿರಿ. ನೆರಳಿಗೆ ಅತ್ತಿ, ಹಲಸು, ಅಂಚಿನಲ್ಲಿ ಸಿಲ್ವರ್ ಓಕ್, ಅದರ ಮೇಲೆ ಮೆಣಸಿನ ಬಳ್ಳಿ.

ನಡೆಸುವವರು ಅಣ್ಣ ತಮ್ಮ ಇಬ್ಬರು. ಅಣ್ಣ ಲೆಕ್ಕ, ಬ್ಯಾಂಕು, ವ್ಯಾಪಾರ ನೋಡಿಕೊಳ್ಳುತ್ತಾರೆ. ತಮ್ಮ ಬೆಳಗ್ಗೆ ತೋಟಕ್ಕಿಳಿದರೆ ಊಟಕ್ಕೆ ಮಾತ್ರ ಮೇಲೆ ಬರುವವರು. 2020ರಲ್ಲಿ ಅಣ್ಣನ ಮಗಳು ಬೆಂಗಳೂರಿನ ಕೆಲಸ ಬಿಟ್ಟು ಮನೆಗೆ ಬಂದಳು. ಅಲ್ಲಿದ್ದಾಗ ಸಣ್ಣ ರೋಸ್ಟರ್‌ಗಳ (ಬೀಜ ಹುರಿದು ಮಾರುವವರ) ಕಾಫಿ ಕುಡಿದು, ಪೊಟ್ಟಣದ ಮೇಲೆ ತೋಟದ ಹೆಸರು, ತಳಿ, ಎತ್ತರ ಎಲ್ಲ ಬರೆದಿರುವುದನ್ನು ನೋಡಿದ್ದಳು. ನಮ್ಮ ತೋಟದ ಹೆಸರು ಯಾಕೆ ಅಲ್ಲಿಲ್ಲ ಅನ್ನುವುದೇ ಅವಳ ಪ್ರಶ್ನೆ.

ಉತ್ತರ ಅವರ ಮಾರಾಟದ ರೀತಿಯಲ್ಲೇ ಇತ್ತು. ಅಜ್ಜನ ಕಾಲದಲ್ಲಿ ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹೋಗುತ್ತಿತ್ತು, ಬೆಟ್ಟದ ಮೇಲಿನದು ಕೆಳಗಿನದು ಎಲ್ಲ ಒಟ್ಟಿಗೆ. ತೊಂಬತ್ತರ ದಶಕದ ನಡುವಿಗೆ ಆ ಪೂಲ್ ಮುಗಿಯಿತು, ಬೆಳೆಗಾರ ತನಗೆ ಬೇಕಾದವರಿಗೆ ಮಾರುವಂತಾಯಿತು. ಆದರೆ ಪೇಟೆಯ ವ್ಯಾಪಾರಿ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ, ಹೊಟ್ಟು ಇನ್ನೂ ಇರುವ ಬೀಜ) ಕೊಳ್ಳುವಾಗ ನೋಡುವುದು ತೇವಾಂಶ ಮತ್ತು ಔಟ್‌ಟರ್ನ್. 50 ಕೆಜಿ ಚೀಲಕ್ಕೆ ಹೊಟ್ಟು ತೆಗೆದ ಮೇಲೆ ಎಷ್ಟು ಕ್ಲೀನ್ ಕಾಫಿ ಬೀಳುತ್ತದೆ ಅಂತ ಲೆಕ್ಕ, ಸಾಮಾನ್ಯವಾಗಿ 40 ಕೆಜಿ. ಕುಡಿದು ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಮೇಲಿನ ಮೂರು ಎಕರೆಯಲ್ಲಿ ಇಳುವರಿ ಕಡಿಮೆ, ಹಣ್ಣಾಗುವುದು ತಡ, ಆಳು ಹೋಗಿ ಬರುವುದೇ ಕಷ್ಟ. ಆದರೂ ಬೆಲೆ ಅಷ್ಟೇ. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಜಿಐ (ಭೌಗೋಳಿಕ ಗುರುತು) ಸಿಕ್ಕಾಗ ಅಣ್ಣ ಇನ್ನು ಬೆಲೆ ಏರುತ್ತದೆ ಅಂದುಕೊಂಡಿದ್ದರು. ಜಿಐ ಹೆಸರನ್ನು ಕಾಯುತ್ತದೆ. ಚೀಲದೊಳಗೆ ಏನಿದೆ ಅಂತ ಕೊಳ್ಳುವವನಿಗೆ ನಾವೇ ತೋರಿಸಬೇಕು.

ಮೊದಲ ಸ್ಯಾಂಪಲ್

2021ರ ಆರಂಭದಲ್ಲಿ ಮಗಳು ಮೇಲಿನ ಪ್ಲಾಟಿನ ಕಾಫಿಯನ್ನು ಒಬ್ಬ ರೋಸ್ಟರ್‌ಗೆ ಕಳಿಸಿದಳು. 100ಕ್ಕೆ 80 ಬಂದರೆ ಸ್ಪೆಷಾಲಿಟಿ. ಅವಳಿಗೆ ಬಂದದ್ದು 78.5. ಜೊತೆಗೆ ಒಂದು ಸ್ಕೋರ್ ಶೀಟ್.

ಒಂದೂವರೆ ಅಂಕ ಕಮ್ಮಿ. ನಮ್ಮ ಮಾಮೂಲಿ ವಾಷ್ಡ್ ಕಾಫಿ (ಸಿಪ್ಪೆ ಬಿಡಿಸಿ, ಅಂಟು ತೊಳೆದು ಒಣಗಿಸಿದ್ದು) ಸಪ್ಪೆ ಇರಬೇಕು, ಏನಾದರೂ ಹೊಸದು ಮಾಡಿದರೆ ಮೇಲೇರುತ್ತದೆ ಅಂತ ಅವಳಿಗೆ ಅನ್ನಿಸಿತು. ಆಗ ಎಲ್ಲ ಕಡೆ ಅನೇರೋಬಿಕ್ ನ್ಯಾಚುರಲ್ ಮಾತೇ. ಇಡೀ ಹಣ್ಣನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಹುಳಿಸಿ, ಸಿಪ್ಪೆ ಸಮೇತ ಒಣಗಿಸುವುದು. ಚಿಕ್ಕಪ್ಪನಿಗೆ ಮನಸ್ಸಿರಲಿಲ್ಲ. ಆದರೂ, "ಕಲಿತವಳು, ಒಂದ್ಸಲ ಮಾಡಿ ನೋಡಲಿ" ಅಂತ ಸುಮ್ಮನಾದರು.

2021ರ ನವೆಂಬರ್ ನೆನಪಿದೆ ಅಲ್ವಾ? ಕುಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡು ಬಿಡಲೇ ಇಲ್ಲ. ಕೆಳಗಿನ ಪ್ಲಾಟಿನಲ್ಲಿ ಮೊದಲು ಹಣ್ಣಾದದ್ದನ್ನೆಲ್ಲ ಡ್ರಮ್ಮಿಗೆ ತುಂಬಿದ್ದರು. ಚಳಿಗೆ ಒಳಗೆ ಹುಳಿಯುವುದು ನಿಧಾನವಾಯಿತು. ತೆಗೆಯುವ ದಿನ ಬಂದಾಗ ಹೊರಗೆ ಬಿಸಿಲಿಲ್ಲ. ಕಣದಲ್ಲಿ ಹರಡಿ ಟಾರ್ಪಾಲ್ ಹೊದಿಸಿದರು. ಜಾಗ ಸಾಲದೆ ನಾಲ್ಕು ಬೆರಳು ದಪ್ಪಕ್ಕೆ ಹರಡಿದ್ದರು. ಟಾರ್ಪಾಲಿನ ಅಡಿ ಬೆವರು ಕಟ್ಟಿ ಹಣ್ಣಿನ ಮೇಲೆ ಬಿಳಿ ಬೂಷ್ಟು ಬಂತು, ವಿನೆಗರ್ ವಾಸನೆ ಬಂತು. ಕೊನೆಗೆ ಆ ಲಾಟ್ ಪೂರ್ತಿ ಚೆರಿಯಾಗಿ (ಸಿಪ್ಪೆ ಸಮೇತ ಒಣಗಿಸಿದ ಮಾಮೂಲಿ ಕಾಫಿಯಾಗಿ) ಸಿಕ್ಕಿದ ಬೆಲೆಗೆ ಹೋಯಿತು. ಪಾರ್ಚ್‌ಮೆಂಟ್ ಮಾಡಿದ್ದರೂ ಇದಕ್ಕಿಂತ ಜಾಸ್ತಿ ಬರುತ್ತಿತ್ತು ಅಂತ ಅಣ್ಣ ಲೆಕ್ಕ ಹಾಕಿ ತೋರಿಸಿದರು. "ಇನ್ನು ಈ ಆಟ ಸಾಕು" ಅಂದರು.

ನನಗೆ ಫೋನ್ ಬಂದದ್ದು ಇದಾದ ಮೇಲೆ. ಕರೆದದ್ದು ಮಗಳು. ಆದರೆ ಮನೆಗೆ ಹೋದಾಗ ನನ್ನ ಜೊತೆ ಜಾಸ್ತಿ ಮಾತಾಡಿದ್ದು ಚಿಕ್ಕಪ್ಪ.

ಶೀಟಿನಲ್ಲಿ ಮೊದಲೇ ಬರೆದಿದ್ದದ್ದು

ನಾನು ಆ ಹಳೆಯ ಸ್ಕೋರ್ ಶೀಟ್ ಕೇಳಿದೆ. ಎಲ್ಲರೂ ಕೆಳಗಿನ ಮೊತ್ತ ಒಂದನ್ನೇ ನೋಡಿದ್ದರು. ಕಪ್ಪಿಂಗ್‌ನಲ್ಲಿ ಒಂದೇ ಕಾಫಿಯನ್ನು ಐದು ಕಪ್ ಇಡುತ್ತಾರೆ. ಪ್ರತಿ ಕಪ್ಪಿಗೂ ಬೇರೆ ಬೇರೆ ತೂಗಿ, ಬೇರೆ ಬೇರೆ ಪುಡಿ ಮಾಡುತ್ತಾರೆ. ಚೀಲದಲ್ಲಿ ಅಲ್ಲೊಂದು ಇಲ್ಲೊಂದು ಕೆಟ್ಟ ಬೀಜ ಇದ್ದರೆ ಯಾವುದೋ ಒಂದು ಕಪ್ಪಿನಲ್ಲಿ ಸಿಕ್ಕಿಬೀಳಲಿ ಅಂತಲೇ ಈ ಏರ್ಪಾಡು. ಆಗಿನ ಫಾರಂನಲ್ಲಿ ಐದೂ ಕಪ್ ಒಂದೇ ಥರ ಇದ್ದರೆ ಅದಕ್ಕೆ ಕಪ್ಪಿಗೆ ಎರಡರಂತೆ ಹತ್ತು ಅಂಕ, ಐದೂ ಸ್ವಚ್ಛವಾಗಿದ್ದರೆ ಹಾಗೆಯೇ ಇನ್ನೊಂದು ಹತ್ತು.

ಇವರ ಶೀಟಿನಲ್ಲಿ ನಾಲ್ಕು ಕಪ್ ಚೆನ್ನಾಗಿದ್ದವು. ಐದನೆಯದರಲ್ಲಿ ಹುಳಿತ ವಾಸನೆ. ಆ ಒಂದು ಕಪ್ಪಿಗೆ ಏಕರೂಪತೆಯಲ್ಲಿ 2 ಹೋಯಿತು, ಸ್ವಚ್ಛತೆಯಲ್ಲಿ 2 ಹೋಯಿತು, ದೋಷದ ಕಡಿತ ಇನ್ನೊಂದು 2. ಒಟ್ಟು ಆರು. 78.5ಕ್ಕೆ ಆರು ಸೇರಿಸಿ ನೋಡಿ. 84.5 ಆಗುತ್ತದೆ. ಪಕ್ಕದಲ್ಲಿ ಕೈಬರಹದಲ್ಲಿ ಇನ್ನೊಂದು ಸಾಲು ಇತ್ತು, ಕುಡಿದಾದ ಮೇಲೆ ನಾಲಿಗೆ ಒಗರಾಗುತ್ತದೆ ಅಂತ. ಒಗರು ಅಂದರೆ ಬಹುತೇಕ ಬಲಿಯದ ಕಾಯಿ.

ಇಡೀ ಪ್ರಕರಣದ ದೊಡ್ಡ ತಿರುವು ಇದೇ ಅಂತ ನಾನು ಭಾವಿಸುತ್ತೇನೆ. ಕಾಫಿ ಸಪ್ಪೆ ಇರಲಿಲ್ಲ. ಸ್ಪೆಷಾಲಿಟಿ ಅವರ ಗಿಡದಲ್ಲೇ ಇತ್ತು. ಅದಕ್ಕೆ ಹೊಸದೇನೂ ಸೇರಿಸುವುದು ಬೇಕಿರಲಿಲ್ಲ, ಬೆರಕೆ ಆಗುವುದನ್ನು ನಿಲ್ಲಿಸಬೇಕಿತ್ತು. ಡ್ರಮ್ಮಿಗೆ ಹಾಕಿದ್ದ ದುಡ್ಡು, ಹೋದ ಒಂದು ಸೀಸನ್, ಮನೆಯ ಜಗಳ, ಇವೆಲ್ಲ ಆಗುವ ಮೊದಲೇ ಉತ್ತರ ಕಾಗದದ ಮೇಲೆ ಇತ್ತು.

ಎತ್ತರದ ಬಗ್ಗೆ ಇಲ್ಲಿ ಒಂದು ಮಾತು. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಹೋದಂತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇಳಿಯುತ್ತದೆ. ತಂಪಿದ್ದಷ್ಟೂ ಹಣ್ಣು ನಿಧಾನಕ್ಕೆ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಒಳ್ಳೆಯ ಹುಳಿ ಮತ್ತು ಸಿಹಿ ಕಟ್ಟಿಕೊಳ್ಳುತ್ತದೆ. ಆದರೆ ಹೂಮಳೆ ಒಂದೇ ಸಲ ಚೆನ್ನಾಗಿ ಬೀಳದಿದ್ದರೆ ಹೂವು ಎರಡು ಮೂರು ಸಲ ಬಿಡುತ್ತದೆ. ಕೆಳಗಿನ ತೋಟದಲ್ಲಿ ಆ ವ್ಯತ್ಯಾಸ ಬೇಗ ಮುಚ್ಚಿಹೋಗುತ್ತದೆ, ಮೇಲೆ ನಿಧಾನಕ್ಕೆ ಮಾಗುವುದರಿಂದ ಅದು ವಾರಗಟ್ಟಲೆ ಎಳೆಯುತ್ತದೆ. ಒಂದೇ ರೆಕ್ಕೆಯಲ್ಲಿ (ಕೊಂಬೆಯಲ್ಲಿ) ಕೆಂಪು ಹಣ್ಣು, ಹಳದಿ ದೋರುಗಾಯಿ, ಹಸಿರು ಕಾಯಿ ಮೂರೂ ಇರುತ್ತವೆ. ರುಚಿ ಕೊಡುವ ಎತ್ತರವೇ ಕುಯ್ಲನ್ನು ಕಷ್ಟ ಮಾಡುತ್ತದೆ.

ಬುಟ್ಟಿ ಸುರಿದು ನೋಡಿದ್ದು

2022ರ ಕೊನೆಗೆ ಮುಂದಿನ ಕುಯ್ಲು ಶುರುವಾದಾಗ ಚಿಕ್ಕಪ್ಪ ಒಂದು ಸರಳ ಕೆಲಸ ಮಾಡಿದರು. ಮೇಲಿನ ಪ್ಲಾಟಿನಿಂದ ಬಂದ ಹಣ್ಣಿನಲ್ಲಿ ಪ್ರತಿಯೊಬ್ಬರ ಚೀಲದಿಂದ ಒಂದೊಂದು ಬುಟ್ಟಿ ತೆಗೆದು ಟಾರ್ಪಾಲ್ ಮೇಲೆ ಸುರಿದು ವಿಂಗಡಿಸಿದರು. ಹೆಚ್ಚುಕಮ್ಮಿ ಕಾಲು ಭಾಗ ಹಣ್ಣಾಗಿರಲಿಲ್ಲ. ಸ್ವಲ್ಪ ಒಣಗಿದ್ದು, ಸ್ವಲ್ಪ ಕೊರಕ ಹಿಡಿದದ್ದು.

ಅಣ್ಣ ಮೇಸ್ತ್ರಿಯನ್ನು ಕರೆದು ಬೈಯಲು ಹೊರಟರು. ಆಗ ಕುಯ್ಯುವವರಲ್ಲಿ ಹಿರಿಯ ಹೆಂಗಸೊಬ್ಬರು ಮಗಳ ಕಡೆ ತಿರುಗಿ, "ಕೆಜಿ ಲೆಕ್ಕ ಕೊಟ್ರೆ ಕೈ ಹಿಂಗೇ ಓಡೋದು ಅಕ್ಕಾ. ಹಣ್ಣೇ ಬೇಕು ಅಂದ್ರೆ ದಿನದ ಲೆಕ್ಕ ಕೊಡಿ, ನಮಗೇನು ಹಣ್ಣು ಕಾಣಲ್ವಾ?" ಅಂದರಂತೆ. ಈ ಮಾತನ್ನು ನಾನು ಹೋದ ಕಡೆಯೆಲ್ಲ ಹೇಳುತ್ತೇನೆ. ಗುಣಮಟ್ಟದ ಬಗ್ಗೆ ಎಷ್ಟೇ ತರಬೇತಿ ಕೊಡಿ, ಕೂಲಿಯ ಲೆಕ್ಕ ತೂಕಕ್ಕೆ ಇದ್ದರೆ ಬುಟ್ಟಿಗೆ ಬರುವುದು ತೂಕವೇ. ಅದರಲ್ಲಿ ಅವರ ತಪ್ಪೇನಿದೆ?

ಮೂರು ಎಕರೆಗೆ ಮಾತ್ರ ದಿನಗೂಲಿ ಮಾಡಿದರು. ವಿಂಗಡಿಸಿದಾಗ ಕಾಯಿ ಕಡಿಮೆ ಬಂದ ದಿನ ಎಲ್ಲರಿಗೂ ಸ್ವಲ್ಪ ಮೇಲೆ ಕೊಡುವುದು ಅಂತಾಯಿತು. ಉಳಿದ ಹದಿನೈದು ಎಕರೆಗೆ ಹಳೆಯ ಕೆಜಿ ಲೆಕ್ಕವೇ. ಇದು ಬಹಳ ಜಾಣ ನಿರ್ಧಾರ. ಇಡೀ ತೋಟವನ್ನು ಬದಲಿಸಲು ಹೊರಟಿದ್ದರೆ ಅಷ್ಟು ಆಳೂ ಸಿಗುತ್ತಿರಲಿಲ್ಲ, ಅಣ್ಣ ಒಪ್ಪುತ್ತಲೂ ಇರಲಿಲ್ಲ. ಮೊದಲು ಫ್ಲೈ ಪಿಕಿಂಗ್ (ಮುಂಚೆ ಹಣ್ಣಾದಷ್ಟನ್ನು ಆರಿಸುವುದು), ಒಂದು ಮುಖ್ಯ ಕುಯ್ಲು, ಆಮೇಲೆ ಉಳಿದದ್ದನ್ನೆಲ್ಲ ಎಳೆದುಬಿಡುವುದು, ಇದು ಹಳೆಯ ಪದ್ಧತಿ. ಈಗ ಮೇಲಿನ ಪ್ಲಾಟಿಗೆ ನಾಲ್ಕು ಸಲ ಹೋದರು. ಕೊನೆಯ ಎಳೆತದ್ದು ಸ್ಪೆಷಾಲಿಟಿ ಲಾಟಿಗೆ ಸೇರಲೇಬಾರದು ಅಂತ ಗೆರೆ ಹಾಕಿದರು. ಬಂದ ಹಣ್ಣನ್ನು ಪಲ್ಪರಿಗೆ (ಸಿಪ್ಪೆ ಬಿಡಿಸುವ ಯಂತ್ರಕ್ಕೆ) ಹಾಕುವ ಮುಂಚೆ ನೀರಿನ ತೊಟ್ಟಿಗೆ ಸುರಿದು ತೇಲಿದ್ದನ್ನು ತೆಗೆದರು.

ತೊಟ್ಟಿಯಿಂದ ಕಣದವರೆಗೆ

ಡ್ರಮ್ಮುಗಳನ್ನು ಮೂಲೆಗಿಟ್ಟು ಅಜ್ಜನ ಕಾಲದ ವಾಷ್ಡ್ ಪದ್ಧತಿಗೇ ಮರಳಿದರು. ಆದರೆ ಒಂದು ಅಭ್ಯಾಸ ಬದಲಾಯಿತು. ಮೊದಲು ಇಂತಿಷ್ಟು ಗಂಟೆ ಅಂತ ಗಡಿಯಾರ ನೋಡಿ ತೊಳೆಯುತ್ತಿದ್ದರು. ಆ ಎತ್ತರದ ಜನವರಿ ಚಳಿಯಲ್ಲಿ ಬೀಜದ ಮೇಲಿನ ಅಂಟು ಕರಗಲು ಕೆಲವು ಸಲ ಒಂದೂವರೆ ದಿನಕ್ಕಿಂತ ಜಾಸ್ತಿ ಬೇಕು. ಬಿಸಿಲಿದ್ದ ದಿನ ಬೇಗ ಮುಗಿಯುತ್ತದೆ. ಈಗ ಕೈಯಲ್ಲಿ ಒಂದು ಹಿಡಿ ತೆಗೆದು ತೊಳೆದು ಉಜ್ಜಿ ನೋಡುತ್ತಾರೆ. ಜಾರುವುದು ಹೋಗಿ ಮರಳಿನ ಹಾಗೆ ಗರಗರ ಅನ್ನಬೇಕು. ರಾಶಿಗೆ ಕೋಲು ಚುಚ್ಚಿ ತೆಗೆದರೆ ತೂತು ಹಾಗೇ ನಿಲ್ಲಬೇಕು. ಚಿಕ್ಕಪ್ಪನಿಗೆ ಇದು ಮೊದಲೇ ಗೊತ್ತಿತ್ತು, ಅವರ ಅಪ್ಪ ಹೀಗೇ ನೋಡುತ್ತಿದ್ದರಂತೆ. ಆಳು ಸಿಗದ ವರ್ಷಗಳಲ್ಲಿ ಅವಸರಕ್ಕೆ ಬಿಟ್ಟುಹೋಗಿತ್ತು.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಆ ಐದನೇ ಕಪ್ಪಿನ ಹುಳಿತ ವಾಸನೆ ಎಲ್ಲಿಂದ ಬಂತು ಅಂತ ಹುಡುಕಿದಾಗ ಪಲ್ಪರ್ ಕಡೆಗೇ ಅನುಮಾನ ಹೋಯಿತು. ರಾತ್ರಿ ಪಲ್ಪಿಂಗ್ ಮುಗಿಸಿ ಸುಸ್ತಾಗಿ ಮಲಗಿದರೆ, ಯಂತ್ರದ ಸಂದಿಯಲ್ಲಿ, ತೊಟ್ಟಿಯ ಮೂಲೆಯಲ್ಲಿ ಒಂದು ಹಿಡಿ ಬೀಜ ಉಳಿದಿರುತ್ತದೆ. ಅದು ಕೊಳೆತು ಮಾರನೆಯ ದಿನದ ಲಾಟಿಗೆ ಸೇರುತ್ತದೆ. ಒಂದು ಕಪ್ ಕೆಡಿಸಲು ಅಂಥ ಒಂದೇ ಬೀಜ ಸಾಕು. ಎಷ್ಟೇ ಹೊತ್ತಾಗಲಿ ಪಲ್ಪರ್ ಮತ್ತು ತೊಟ್ಟಿ ತೊಳೆದೇ ಮಲಗುವುದು ಅಂತ ನಿಯಮವಾಯಿತು. ಖರ್ಚಿಲ್ಲದ ಈ ಒಂದು ಕೆಲಸವೇ ಅತಿ ಹೆಚ್ಚು ಅಂಕ ತಂದಿರಬಹುದು ಅಂತ ನನ್ನ ಅಂದಾಜು.

ಒಣಗಿಸಲು ಮರದ ಕಾಲು ನಿಲ್ಲಿಸಿ, ಜಾಲರಿ ಬಿಗಿದು, ಸೊಂಟದೆತ್ತರಕ್ಕೆ ಮಂಚ ಮಾಡಿದರು. ತೆಳ್ಳಗೆ ಹರಡಿ ಆಗಾಗ ಕೈಯಾಡಿಸುವುದು, ನಡುಮಧ್ಯಾಹ್ನದ ಬಿಸಿಲಿಗೆ ಪಾರ್ಚ್‌ಮೆಂಟ್ ಬಿರಿಯದ ಹಾಗೆ ನೆರಳು ಬಲೆ ಎಳೆಯುವುದು, ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚುವುದು. ತೇವಾಂಶ ಅಳೆಯಲು ಮೀಟರ್ ತಂದರು, ಶೇಕಡಾ 11ರ ಆಸುಪಾಸಿಗೆ ಬಂದಾಗ ಚೀಲಕ್ಕೆ ತುಂಬಿದರು. ಮೇಲಿನ ಪ್ಲಾಟು ತಡವಾಗಿ ಹಣ್ಣಾಗುವುದು ಇಷ್ಟು ದಿನ ತಲೆನೋವಾಗಿತ್ತು, ಈಗ ಅದೇ ಅನುಕೂಲವಾಯಿತು. ಮುಖ್ಯ ಕುಯ್ಲು ಜನವರಿಗೆ ಬೀಳುವುದರಿಂದ ನವೆಂಬರಿನ ಮಳೆ ತಪ್ಪುತ್ತದೆ, ಕಣವೂ ಖಾಲಿ ಇರುತ್ತದೆ.

ಹೊಟ್ಟು ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್‌ನಲ್ಲಿ ಸ್ವಲ್ಪ ತೊಂದರೆಯಾಯಿತು. ದೊಡ್ಡ ಕ್ಯೂರಿಂಗ್ ವರ್ಕ್ಸ್‌ಗೆ ಏಳೆಂಟು ಚೀಲ ಒಂದು ಲಾಟೇ ಅಲ್ಲ, ಬೇರೆಯವರ ಬೀಜ ಸೇರುವ ಭಯವೂ ಇದೆ. ಕೊನೆಗೆ ಹೊಟ್ಟು ತೆಗೆಯುವ ಸಣ್ಣ ಯಂತ್ರ (ಹಲ್ಲರ್) ಇದ್ದ ಒಬ್ಬ ಬೆಳೆಗಾರರ ಹತ್ತಿರ ಮಾಡಿಸಿದರು.

ಲೆಕ್ಕ

ಹೊಸ ಸ್ಯಾಂಪಲ್‌ಗೆ 84.25 ಬಂತು. ಐದೂ ಕಪ್ ಒಂದೇ ಥರ. ಸಂತೋಷ ಸಹಜ. ಆದರೆ ಅಣ್ಣ ಕೇಳಿದ ಪ್ರಶ್ನೆ ಸರಿಯಾಗಿತ್ತು: "ಅಂಕ ಇರಲಿ ಮಗಾ, ದುಡ್ಡೆಷ್ಟು ಉಳೀತು?"

ಸುಮಾರು ಆರು ಕೆಜಿ ಹಣ್ಣಿಗೆ ಒಂದು ಕೆಜಿ ಕ್ಲೀನ್ ಕಾಫಿ. ಆರಿಸಿ ಕುಯ್ದ 1,800 ಕೆಜಿ ಹಣ್ಣಿಗೆ ಅವರಿಗೆ ಸಿಕ್ಕಿದ್ದು 300 ಕೆಜಿ. ಆ ವರ್ಷ ಅರೇಬಿಕಾ ಪಾರ್ಚ್‌ಮೆಂಟ್ ಚೀಲಕ್ಕೆ 15,000ದ ಆಸುಪಾಸು ಇತ್ತು, ಅಂದರೆ ಕ್ಲೀನ್ ಕಾಫಿಗೆ ಕೆಜಿಗೆ 375 ರೂಪಾಯಿ. ರೋಸ್ಟರ್ ಕೊಟ್ಟದ್ದು 540. ಕೆಜಿಗೆ 165 ಜಾಸ್ತಿ, ಒಟ್ಟು 49,500. ಹೆಚ್ಚುವರಿ ಕೂಲಿ, ವಿಂಗಡಣೆ, ಒಣಗಿಸುವ ಆಳು ಸೇರಿ 25,000 ಹೋಯಿತು. ಮಂಚ, ಬಲೆ, ಮೀಟರಿಗೆ 60,000 ಹಾಕಿದ್ದರು. ಮೊದಲ ವರ್ಷ ಕೈಯಿಂದಲೇ ಹೋಯಿತು. ಎರಡನೆಯ ವರ್ಷವೂ ಆ ಬಂಡವಾಳ ಪೂರ್ತಿ ತೀರಲಿಲ್ಲ. ಇದನ್ನು ಯಾಕೆ ಬಿಡಿಸಿ ಬರೆಯುತ್ತಿದ್ದೇನೆ ಅಂದರೆ, ಸ್ಪೆಷಾಲಿಟಿಯಿಂದ ತೋಟ ಉಳಿಯಿತು ಅನ್ನುವ ಮಾತು ಈ ಮನೆಯ ಮಟ್ಟಿಗೆ ನಿಜವಲ್ಲ. ತೋಟವನ್ನು ನಡೆಸುತ್ತಿರುವುದು ಈಗಲೂ ಆ ಹದಿನೈದು ಎಕರೆಯ ಮಾಮೂಲಿ ಕಾಫಿ ಮತ್ತು ಮೆಣಸು.

ಬೆಲೆ ಏರಿದಾಗ

ನಿಜವಾದ ಪರೀಕ್ಷೆ ಬಂದದ್ದು 2025ರ ಆರಂಭದಲ್ಲಿ. ಬ್ರೆಜಿಲ್‌ನ ಬರದ ಸುದ್ದಿಗೆ ಅಂತರರಾಷ್ಟ್ರೀಯ ಅರೇಬಿಕಾ ಬೆಲೆ ಫೆಬ್ರವರಿಯಲ್ಲಿ ಪೌಂಡಿಗೆ ನಾಲ್ಕು ಡಾಲರ್ ದಾಟಿತು. ಇಲ್ಲಿ ಚೀಲ 25,000 ದಾಟಿತು. ಅಂದರೆ ಮಾಮೂಲಿ ಕಾಫಿಗೇ ಕೆಜಿಗೆ 625ಕ್ಕಿಂತ ಜಾಸ್ತಿ. ಮಗಳು ಅಕ್ಟೋಬರ್‌ನಲ್ಲೇ ರೋಸ್ಟರ್‌ಗೆ 580ಕ್ಕೆ ಬಾಯಿಮಾತು ಕೊಟ್ಟಿದ್ದಳು.

ಕಾಗದ ಪತ್ರ ಏನೂ ಇರಲಿಲ್ಲ. ಪೇಟೆಗೆ ಹಾಕಿದ್ದರೆ ಕೇಳುವವರಿಲ್ಲ. ಅಣ್ಣ ಅದನ್ನೇ ಹೇಳಿದರು, ಅದರಲ್ಲೂ ನ್ಯಾಯವಿದೆ, ಬೆಲೆ ಬಿದ್ದ ವರ್ಷಗಳಲ್ಲಿ ಬೆಳೆಗಾರನ ಕೈ ಹಿಡಿದವರು ಎಷ್ಟು ಜನ? ಮಗಳು ಕೊಟ್ಟ ಮಾತು ಅಂದಳು. ಮಧ್ಯದ ದಾರಿ ತೋರಿಸಿದ್ದು ಮತ್ತೆ ಚಿಕ್ಕಪ್ಪನೇ. "ಮೊದಲು ಅವರಿಗೆ ಫೋನ್ ಮಾಡು, ಇದ್ದದ್ದು ಇದ್ದಂಗೆ ಹೇಳು. ಕೇಳದೆ ನಾವೇ ಯಾಕೆ ತೀರ್ಮಾನ ಮಾಡೋದು?"

ರೋಸ್ಟರ್‌ಗೂ ಪರಿಸ್ಥಿತಿ ಗೊತ್ತಿತ್ತು. ಸರಕು ಕೈಗೆ ಬರುವ ದಿನದ ಪೇಟೆ ಬೆಲೆ, ಅದರ ಮೇಲೆ ಕೆಜಿಗೆ 75 ರೂಪಾಯಿ ಅಂತ ಒಪ್ಪಂದವಾಯಿತು. ಅಷ್ಟು ಬೆಲೆಗೆ ಪೂರ್ತಿ ಕೊಳ್ಳಲು ಅವರಿಗೆ ಆಗಲಿಲ್ಲ, ಅರ್ಧ ಮಾತ್ರ ತೆಗೆದುಕೊಂಡರು. ಉಳಿದರ್ಧ, ಅಷ್ಟು ಜತನದಿಂದ ಮಾಡಿದ್ದು, ವ್ಯಾಪಾರಿಯ ರಾಶಿಗೆ ಸೇರಿತು. ಅದು ಮಗಳಿಗೆ ಬಹಳ ನೋವಾಯಿತು. ಆದರೂ ವ್ಯವಹಾರ ಮುರಿಯಲಿಲ್ಲ. ಮುಂದಿನ ವರ್ಷಕ್ಕೆ ಇದೇ ಸೂತ್ರವನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದ್ದಾರೆ. ಪೇಟೆ ತೀರಾ ಬಿದ್ದರೆ ಇದಕ್ಕಿಂತ ಕೆಳಗೆ ಹೋಗುವಂತಿಲ್ಲ ಅಂತ ಒಂದು ಕನಿಷ್ಠ ಬೆಲೆಯೂ ಅದರಲ್ಲಿದೆ.

ಇದೇ ದಾರಿ ಹಿಡಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಖರ್ಚಿಲ್ಲದ ಎರಡು ಕೆಲಸ. ಕುಯ್ಲಿನ ದಿನ ಬುಟ್ಟಿ ಸುರಿದು ವಿಂಗಡಿಸಿ. ನಿಮ್ಮ ಕಾಫಿಯನ್ನೇ ಐದು ಕಪ್ ಮಾಡಿ ಪಕ್ಕಪಕ್ಕ ಇಟ್ಟು ಕುಡಿಯಿರಿ. ಒಂದು ಕಪ್ ಉಳಿದ ನಾಲ್ಕರ ಹಾಗಿಲ್ಲದಿದ್ದರೆ ಡ್ರಮ್ಮಿಗೆ ದುಡ್ಡು ಹಾಕುವ ಹೊತ್ತು ಇನ್ನೂ ಬಂದಿಲ್ಲ. ಹುಳಿಸುವ ಹೊಸ ವಿಧಾನಗಳ ವಿರೋಧಿ ನಾನಲ್ಲ, ಚೆನ್ನಾಗಿ ಮಾಡುವವರನ್ನು ನೋಡಿದ್ದೇನೆ. ಆದರೆ ಅವರೆಲ್ಲ ಮೊದಲು ಕುಯ್ಲು ಮತ್ತು ಕಣ ಸರಿ ಮಾಡಿಕೊಂಡವರು.

ಈಗ ಮನೆಯಲ್ಲಿ ಇನ್ನೊಂದು ಚರ್ಚೆ ನಡೆದಿದೆ. ಮೇಲಿನ ಪ್ಲಾಟಿನ ಎಸ್.795ಕ್ಕೆ ವಯಸ್ಸಾಗಿದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಅದನ್ನು ಕೊಟ್ಟದ್ದು 1940ರ ದಶಕದಲ್ಲಿ, ಕಪ್ ಈಗಲೂ ಸೊಗಸು, ಆದರೆ ಎಲೆತುಕ್ಕು ಬರುತ್ತದೆ, ಬಿಳಿ ಕಾಂಡಕೊರಕ ಹಿಡಿದ ಗಿಡಗಳನ್ನು ಪ್ರತಿ ವರ್ಷ ಕಿತ್ತು ಸುಡಬೇಕು. ಇಳುವರಿಯ ಆಸೆಗೆ ಹಿಂದೊಮ್ಮೆ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಜಾಸ್ತಿ ಮಾಡಿ ನೆರಳು ತೆಳುವಾದ ಕಡೆಯೇ ಈ ಕಾಂಡಕೊರಕದ ಕಾಟ ಹೆಚ್ಚು. ಅಣ್ಣ 2007ರಲ್ಲಿ ಬಂದ ಚಂದ್ರಗಿರಿ ಹಾಕೋಣ ಅನ್ನುತ್ತಾರೆ, ತುಕ್ಕು ತಡೆಯುತ್ತದೆ, ಫಸಲೂ ಇದೆ. ಮಗಳಿಗೆ 795 ಬಿಡಲು ಮನಸ್ಸಿಲ್ಲ. ಸದ್ಯಕ್ಕೆ ನರ್ಸರಿಯಲ್ಲಿ ಎರಡರ ಸಸಿಯೂ ಇದೆ. ಬೇರೆ ಬೇರೆ ಸಾಲಿನಲ್ಲಿ ನೆಟ್ಟು, ಮೂರು ನಾಲ್ಕು ವರ್ಷದ ಮೇಲೆ ಫಸಲು ಬಂದಾಗ ಬೇರೆಯಾಗಿಯೇ ಕುಯ್ದು ಒಣಗಿಸಿ, ಎರಡನ್ನೂ ಕಪ್ ಮಾಡಿ ನೋಡಿ ಆಮೇಲೆ ಉಳಿದ ಜಾಗ ತುಂಬುವುದು ಅಂತ ಮೂವರೂ ಒಪ್ಪಿದ್ದಾರೆ. ಅಲ್ಲಿಯವರೆಗೆ ನೆರಳಿನ ಮರಕ್ಕೆ ಕತ್ತಿ ಹಾಕುವ ಮೊದಲು ಚಿಕ್ಕಪ್ಪನನ್ನು ಕೇಳಬೇಕು.